ಪರವಾಗಿಲ್ಲ ಎಂಬ ಮಾತು

ಮಾರ್ಚ್ 3, ಸೋಮವಾರ, ಸಂಜೆ

ಈ ಸಂಧಿವಾತ ಇಲ್ಲಿಯವರೆಗೆ ನನ್ನಿಂದ ಕಿತ್ತುಕೊಂಡದ್ದನ್ನು ಒಂದು ಸಲ ಕೂಡಿಸಿ ನೋಡಿದೆ. ಕೈಜಾರಿ ಬಿದ್ದು ಮೂತಿ ಮುರಿದ ಕತ್ತರಿ ಎರಡು, ಎರಡೂ ಒಳ್ಳೆಯವು. ಹಿಂದಿನ ರಸ್ತೆಯ ಸಲೂನಿಗೆ ಸದ್ದಿಲ್ಲದೆ ಜಾರಿಕೊಂಡ ಗಿರಾಕಿಗಳು. ಬೆನ್ನ ಹಿಂದಿನ ಗುಂಡಿಯನ್ನು ನಾನೇ ಹಾಕಿಕೊಳ್ಳುವ ಮರ್ಯಾದೆ. ಜೊತೆಗೆ ಸೋಮವಾರಗಳು, ಎಲ್ಲಾ.

ಸೋಮವಾರ ಪಾರ್ಲರಿಗೆ ರಜೆ. ಅದಕ್ಕೇ ವಾರದ ಮಾತ್ರೆ ಭಾನುವಾರ ರಾತ್ರಿ. ಮಾರನೇ ದಿನವೆಲ್ಲ ವಾಂತಿ. ಇರುವ ಒಂದು ರಜೆಯನ್ನು ಬಚ್ಚಲಿಗೆ ಬರೆದುಕೊಟ್ಟ ಹಾಗೆ. ಕುಡಿಯುವ ನೀರಿಗೂ ವಾಸನೆ... ಥೂ.

ಮಧ್ಯಾಹ್ನ ನಾದಿನಿ ಬಂದು ತನ್ನ ಎಣ್ಣೆ ತಿಕ್ಕಿ ಹೋದಳು. ಅದರ ವಾಸನೆಗೆ ಗ್ಯಾರೇಜಿನಲ್ಲಿ ಮಲಗಿಸಿದ ಹಾಗಾಯಿತು. ನೋವೆಲ್ಲ ಮನಸ್ಸಿನಲ್ಲಿರುವುದಂತೆ, ಅತ್ತಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಂತೆ. ಮನಸ್ಸಿನಲ್ಲಿದ್ದರೆ ಗೆಣ್ಣಿಗೆ ಯಾಕೆ ತಿಕ್ಕಿದೆಯೇ ತಾಯಿ? ಕೇಳಲಿಲ್ಲ. ಬಾಯಿ ತೆರೆದರೆ ಮಾತೇ ಹೊರಬರುವ ಭರವಸೆ ಇರಲಿಲ್ಲ.

ಮಾರ್ಚ್ 6, ಗುರುವಾರ

ಆಸ್ಪತ್ರೆ. ಇವರೂ ಬಂದಿದ್ದರು — ಯಾವಾಗಲೂ ಬರುತ್ತಾರೆ, ಯಾವಾಗಲೂ ನನ್ನ ಫೈಲು ಇವರ ತೊಡೆಯ ಮೇಲೆ.

ಡಾಕ್ಟರ್ ಸಣ್ಣ ವಯಸ್ಸಿನವಳು, ಮಾತು ಮೆತ್ತಗೆ. ಒಂದು ರಟ್ಟು ಹಿಡಿದಳು. ನಗುವ ಮುಖದಿಂದ ಅಳುವ ಮುಖದವರೆಗೆ ಸಾಲಾಗಿ ಚಿತ್ರ. ನಿಮ್ಮ ನೋವು ಯಾವುದು, ಬೆರಳಿಡಿ ಅಂದಳು. ಮೂರು ಕುರ್ಚಿಯ ಪಾರ್ಲರಿನ ಯಜಮಾನಿ ಅಳುಮೂತಿಯ ಮೇಲೆ ಬೆರಳಿಡುವುದೇ? ನಡುವಿನದಕ್ಕೆ ಇಟ್ಟೆ. ಹೇಗಿದ್ದೀರಿ ಅಂದಳು.

"ಪರವಾಗಿಲ್ಲ," ಅಂದೆ.

"ಪರವಾಗಿಲ್ಲ ಡಾಕ್ಟ್ರೇ, ದಿನಾ ಪಾರ್ಲರ್‌ಗೆ ಹೋಗ್ತಾಳೆ," ಇವರೂ ಸೇರಿಸಿದರು.

ಅದೇ ಮಾತ್ರೆ ಮುಂದುವರಿಯಲಿ ಎಂದಾಯಿತು. ಕಾದದ್ದು ಅರ್ಧ ದಿನ, ಒಳಗಿದ್ದದ್ದು ಒಂದು ಆಕಳಿಕೆಯಷ್ಟು ಹೊತ್ತು.

ಸೊಂಟದವರೆಗಿನ ಕೂದಲನ್ನು ಬರೀ ಮಾತಿನಲ್ಲೇ ಭುಜಕ್ಕೆ ತರುವವಳು ನಾನು. ಬಾಡಿಗೆ ಏರಿಸಲು ಬಂದ ಮಾಲೀಕನಿಗೆ ಕೂದಲು ಕತ್ತರಿಸಿ, ಬಣ್ಣ ಹಚ್ಚಿ ವಾಪಸು ಕಳಿಸಿದವಳು. ಡಾಕ್ಟರ ಮುಂದಿನ ಆ ಸ್ಟೂಲಿನ ಮೇಲೆ ಕೂತರೆ ಮಾತ್ರ ನಾಲಗೆ ಮಡಚಿಕೊಳ್ಳುತ್ತದೆ. ನನ್ನ ಮೇಲೆ ನನಗೇ ಹೇಸಿಗೆ.

ಮಾರ್ಚ್ 11, ಮಂಗಳವಾರ

ಆಗಬಾರದ್ದು ಆಯಿತು.

ಬೆಳಿಗ್ಗೆ ಬೆರಳು ಕೊರಡಿನ ಹಾಗೆ. ಬಿಸಿನೀರಿನಲ್ಲಿ ಅದ್ದಿಕೊಂಡು ಹೋದೆ, ಆದರೂ ಬಿಗಿತ ಬಿಡಲಿಲ್ಲ. ಮೊದಲ ಗಿರಾಕಿ ಪೋಸ್ಟಮ್ಮ — ಅಂಚೆ ಕಚೇರಿಯಿಂದ ನಿವೃತ್ತರಾದವರು, ಒಂದೇ ಕುರ್ಚಿ ಇದ್ದಾಗಿನಿಂದ ಬರುವವರು. ಕಿವಿಯ ಹಿಂದೆ ಕತ್ತರಿಸುವಾಗ ಹೆಬ್ಬೆರಳು ಜಾರಿತು. ಕಿವಿಯ ಹಾಲೆಗೆ ಮೊನೆ. ಬಿಳಿ ಬಟ್ಟೆಯ ಮೇಲೆಲ್ಲ ರಕ್ತ.

ಹತ್ತಿ ಒತ್ತಿಕೊಂಡು ಕನ್ನಡಿಯಲ್ಲೇ ನನ್ನ ಮುಖ ನೋಡಿದರು. "ಪರವಾಗಿಲ್ಲ ಬಿಡಮ್ಮಾ," ಅಂದರು. ನಾನು ಬೇಡವೆಂದರೂ ದುಡ್ಡಿಟ್ಟು ಹೋದರು.

ಇನ್ನು ಅವರು ಬರುವುದಿಲ್ಲ. ಈ ಕಸುಬಿನಲ್ಲಿ ಇದು ನನಗೆ ಗೊತ್ತಿಲ್ಲದ್ದಲ್ಲ. ಇದೇನು ಇಲಿ ಕಡಿದ ಹಾಗೆ ಮಾಡಿದ್ದೀಯಾ ಎಂದು ಬೈದವರು ತಿರುಗಿ ಬರುತ್ತಾರೆ. ಕನ್ನಡಿ ನೋಡಿ ತಣ್ಣಗೆ "ಪರವಾಗಿಲ್ಲ" ಅಂದವರು ಬರುವುದಿಲ್ಲ. ಆ ಮಾತಿಗೆ ಅರ್ಥ ಒಂದೇ — ನಿನ್ನ ಹತ್ತಿರ ಹೇಳಿ ಪ್ರಯೋಜನವಿಲ್ಲ.

ಡಾಕ್ಟರಿಗೆ ಇಷ್ಟು ದಿನ ನಾನು ಹೇಳಿದ್ದು ಇದನ್ನೇ. ಆಕೆಗೆ ಕೇಳಿಸಿದ್ದು, ಚೆನ್ನಾಗಿದ್ದೇನೆ ಎಂದು.

ಮಾರ್ಚ್ 24, ಸೋಮವಾರ

ಒಬ್ಬಳೇ ಹೋದೆ. ವಾಂತಿಯ ದಿನವೇ ಹೋದೆ, ನೋಡಲಿ ಎಂದು. ಕುಳಿತ ತಕ್ಷಣ ಶುರು ಮಾಡಿದೆ: ಪರವಾಗಿಲ್ಲ ಅಂದದ್ದು ಸುಳ್ಳು, ಅಳುವ ಮುಖದ ಆಚೆ ಇನ್ನೊಂದು ಮುಖವಿದ್ದರೆ ತೋರಿಸಿ, ಅದರ ಮೇಲೆ ಬೆರಳಿಡುತ್ತೇನೆ. ಬೆಳಗಿನ ಬೆರಳು, ಕಿವಿ, ಬಚ್ಚಲು, ಒಂದೂ ಬಿಡಲಿಲ್ಲ.

ಆಕೆ ಟೈಪ್ ಮಾಡುವುದು ನಿಲ್ಲಿಸಿದಳು. "ಇಂಜೆಕ್ಷನ್ ಹೋದ ವರ್ಷಾನೇ ಹೇಳಿದ್ದೆನಲ್ಲಮ್ಮ. ನಿಮಗೆ ಸೂಜಿ ಅಂದ್ರೆ ಆಗಲ್ಲ, ಮಾತ್ರೇನೇ ಸಾಕಂತೆ ಅಂತ ನಿಮ್ಮ ಯಜಮಾನ್ರು ಹೇಳಿದ್ರು. ನೀವು ಪರೀಕ್ಷೆಗೆ ರಕ್ತ ಕೊಡೋಕೆ ಹೋಗಿದ್ರಿ ಆಗ."

ರಕ್ತ ಕೊಡಲು ಹೋಗಿದ್ದೆ. ಸೂಜಿಗೆ ಕೈ ಒಡ್ಡಿಕೊಂಡು ಕೂತಿದ್ದೆ, ಸೂಜಿ ಆಗದವಳು.

ಹೊಸ ಎಕ್ಸ್‌ರೇ ತೆಗೆಸಿ ತೋರಿಸಿದಳು. ಬಲ ಹೆಬ್ಬೆರಳಿನ ಬುಡದಲ್ಲಿ ಮೂಳೆ ಸವೆದಿದೆ. ಇನ್ನು ಸವೆಯದ ಹಾಗೆ ತಡೆಯಬಹುದು, ಹೋದದ್ದು ಬರುವುದಿಲ್ಲ. ನಿಮ್ಮನ್ನೇ ಕೇಳಬೇಕಿತ್ತು, ನನ್ನದೂ ತಪ್ಪಿದೆ ಅಂದಳು. ಆಮೇಲೆ ದಾರಿಗಳನ್ನು ಹೇಳಿದಳು: ಮನೆಯಲ್ಲೇ ಚುಚ್ಚಿಕೊಳ್ಳುವುದು, ಆಸ್ಪತ್ರೆಯಲ್ಲಿ ಡ್ರಿಪ್, ಇಲ್ಲವೇ ಬೇರೆ ಮಾತ್ರೆ. ಸೋಂಕು ತಗಲುವ ಭಯ ಒಂದಷ್ಟು ಇದ್ದೇ ಇದೆ, ಮುಚ್ಚಿಡಲಿಲ್ಲ. ನಿಮಗೆ ಯಾವುದು ಮುಖ್ಯ ಎಂದು ಕೇಳಿದಳು. ಈ ಕಾಯಿಲೆ ಬಂದ ಮೇಲೆ ಯಾರೂ ಕೇಳಿರಲಿಲ್ಲ.

"ಬೆಳಿಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ಬೆರಳು ಮಡಚಬೇಕು. ಸೋಮವಾರ ನನಗೆ ವಾಪಸ್ ಬೇಕು. ನಾನೇ ಚುಚ್ಕೋತೀನಿ, ಕೊಡಿ."

ಅದೇ ದಿನ, ಸಂಜೆ

ಇವರನ್ನು ಕೇಳಿದೆ. ಮೊದಲು ನನ್ನ ಒಳ್ಳೆಯದಕ್ಕೇ ಅಂದರು. ಆಮೇಲೆ ಸೋಂಕಿನ ಮಾತು. ಸುಮ್ಮನೆ ನೋಡುತ್ತಾ ನಿಂತೆ. ಗಿರಾಕಿ ಬಾಯಿ ಬಿಡುವುದು ನಾವು ಸುಮ್ಮನಿದ್ದಾಗಲೇ.

"ನಾನೇ ಚುಚ್ಚಬೇಕಾಗತ್ತೆ ಅಂದ್ಕೊಂಡೆ ಕಣೇ," ಅಂದರು. "ನಂಗೆ ಸೂಜಿ ನೋಡಿದ್ರೆ ತಲೆ ಸುತ್ತತ್ತೆ."

ಇಷ್ಟೇ. ದೊಡ್ಡ ಮೋಸವಾಗಿದ್ದರೆ ಜಗಳವಾಡಲು ಒಂದು ಗಾತ್ರವಾದರೂ ಇರುತ್ತಿತ್ತು. ಇದು ಚಪ್ಪಲಿಗೆ ಅಂಟಿದ ಚೂಯಿಂಗ್ ಗಮ್. ಹೇಸಿಕೊಂಡು ಕೆರೆಯಬೇಕು, ಅಷ್ಟೇ.

ಜೂನ್ 19, ಗುರುವಾರ

ಕೆಲವು ಪರೀಕ್ಷೆ ಮುಗಿಸಿಕೊಂಡು ಏಪ್ರಿಲಿನಲ್ಲಿ ಶುರುವಾಯಿತು. ವಾರ ಬಿಟ್ಟು ವಾರ, ತೊಡೆಗೆ. ಚುಚ್ಚಿಕೊಳ್ಳುವಾಗ ಇವರು ಬೀದಿಗೆ ಹೋಗಿ ನಿಲ್ಲುತ್ತಾರೆ. ಮುಗಿಯಿತಾ ಎಂದು ಅಲ್ಲಿಂದಲೇ ಕೂಗುತ್ತಾರೆ. ಅಕ್ಕಪಕ್ಕದವರು ಏನೆಂದುಕೊಂಡಿದ್ದಾರೋ.

ಬೆಳಿಗ್ಗೆ ಬೆರಳು ಬಿಡುತ್ತಿವೆ. ಮಾತ್ರೆ ಅರ್ಧಕ್ಕಿಳಿದಿದೆ, ಊಟಕ್ಕೆ ಊಟದ ವಾಸನೆ ಬಂದಿದೆ. ಆದರೆ ಹೆಬ್ಬೆರಳು ಕತ್ತರಿ ಹಿಡಿದು ನಿಲ್ಲುವುದಿಲ್ಲ. ಇವತ್ತು ಒಂದು ತಲೆ ಪೂರ್ತಿ ಮಾಡಲು ಹೋಗಿ ಅರ್ಧಕ್ಕೇ ಪಕ್ಕದ ಕುರ್ಚಿಯವಳ ಕೈಗೆ ಕತ್ತರಿ ಕೊಟ್ಟೆ. ಇನ್ನು ನನ್ನದು ಬಣ್ಣ, ಬಾಯಿ, ಗಲ್ಲಾ.

ಯಾರಿಗೆ ಏನು ಸಿಕ್ಕಿತು?

ಇವರಿಗೆ — ಸೂಜಿ ಕಾಣದ ಒಂದು ವರ್ಷ.

ನಾದಿನಿಗೆ — ಉಪದೇಶ ಮಾಡಿದ ಸುಖ.

ಹಿಂದಿನ ರಸ್ತೆಯವಳಿಗೆ — ಪೋಸ್ಟಮ್ಮ.

ಡಾಕ್ಟರಿಗೆ — ಗಂಡಂದಿರನ್ನು ಆಚೆ ಕೂರಿಸುವ ಬುದ್ಧಿ.

ನನಗೆ — ಸೋಮವಾರ. ಎಡಗೈ ಪೂರ್ತಿ. ಬಲಗೈಯಲ್ಲಿ ನಾಲ್ಕು ಬೆರಳು, ಮತ್ತು ಆ ಸ್ಟೂಲಿನ ಮೇಲೂ ಮಡಚಿಕೊಳ್ಳದ ನಾಲಗೆ.