ಬಾಡಿಗೆ ಮನೆಯಲ್ಲಿ ಸಾಯಲು ಅಪ್ಪಣೆ ಬೇಕು

ನಗರದ ವಸತಿಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಬಾಡಿಗೆ ಮನೆಯಲ್ಲಿ ಸಾಯುವ ಹಕ್ಕು ನಮಗಿಲ್ಲ. ಇಷ್ಟೇ ನನ್ನ ದೂರು. ಹೋದ ತಿಂಗಳ ಅಹವಾಲು ಸಭೆಯಲ್ಲಿ ಇದನ್ನು ಹೇಳಲು ಎದ್ದು ನಿಂತಾಗ ತಾವು ಕನ್ನಡಕ ತೆಗೆದು, "ಸಾಯೋದಕ್ಕೂ ಕಾನೂನು ಮಾಡೋಕಾಗುತ್ತಾ ಅಮ್ಮಾ?" ಎಂದು ಕೇಳಿದಿರಿ. ಹಿಂದಿನ ಸಾಲಿನವರು ನಕ್ಕರು. ನನಗೆ ಸಿಟ್ಟು ಬರಲಿಲ್ಲ. ಈಗೀಗ ಏನೂ ಬರುವುದಿಲ್ಲ. ಸುಮ್ಮನೆ ಮನೆಗೆ ಬಂದೆ. ಅಂದು ಕೊಡದ ಉತ್ತರವನ್ನು ಇಂದು ಪತ್ರಿಕೆಯಲ್ಲಿ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ನಾನು ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸುವವಳು. ಇಬ್ರಾಹಿಂಪುರದಲ್ಲಿ ಅವ್ವನ ಜೊತೆ ಬಾಡಿಗೆಗಿದ್ದೆ. ಕೆಳಗೆ ನಾವು, ಮೇಲೆ ಮಾಲೀಕರು. ಅವರ ಹೆಸರು ಬರೆಯುವುದಿಲ್ಲ, ಇನ್ನೂ ಅವರ ಮನೆಯಲ್ಲೇ ಇದ್ದೇನೆ. ನಲ್ಲಿ ನೀರು ಬಿಟ್ಟ ದಿನ ಮೊದಲು ಅವರ ಟಾಕಿ ತುಂಬಬೇಕು, ಗೋಡೆಗೆ ಮೊಳೆ ಹೊಡೆಯಬಾರದು, ನಮ್ಮ ಒಲೆಯ ಮೇಲೆ ಏನು ಬೇಯುತ್ತಿದೆಯೆಂದು ಅವರಿಗೆ ತಿಳಿದಿರಬೇಕು. ಇವು ಯಾವುವೂ ನನ್ನ ದೂರಲ್ಲ. ಉಂಡ ಮನೆಯ ಜಂತಿ ಎಣಿಸಬಾರದು ಎನ್ನುತ್ತಾರೆ. ಬಾಡಿಗೆ ಕೊಟ್ಟು ಇರುವ ಮನೆಗೂ ಆ ಗಾದೆ ಸಲ್ಲುತ್ತದೋ ಇಲ್ಲವೋ, ತಾವೇ ಹೇಳಬೇಕು.

ನನ್ನವ್ವ ಕಾಶಿಬಾಯಿಗೆ ಇನ್ನು ಔಷಧಿ ನಾಟುವುದಿಲ್ಲ, ಮನೆಗೆ ಕರೆದೊಯ್ಯಿರಿ ಎಂದು ಡಾಕ್ಟರು ಹೇಳಿದರು. ಅವ್ವನಿಗೂ ಅದೇ ಬೇಕಿತ್ತು. "ಮನಿಗೆ ನಡಿ ನಂದಾ, ಇಲ್ಲಿ ಬ್ಯಾಡ" ಎಂದು ಎರಡು ದಿನದಿಂದ ಹೇಳುತ್ತಿದ್ದಳು. ಅಷ್ಟರಲ್ಲಿ ಮಾಲೀಕರು ಎಳನೀರು ಹಿಡಿದುಕೊಂಡು ಆಸ್ಪತ್ರೆಗೆ ನೋಡಲು ಬಂದರು. ನನ್ನನ್ನು ವರಾಂಡಕ್ಕೆ ಕರೆದರು.

"ಟೀಚರ, ತಪ್ಪ ತಿಳೀಬ್ಯಾಡ್ರಿ. ಈ ವಾರ ನಕ್ಷತ್ರ ನೆಟ್ಟಗಿಲ್ಲ. ಮನ್ಯಾಗ ಜೀವಾ ಹೋತಂದ್ರ ಆರ್ ತಿಂಗಳ ಬೀಗಾ ಹಾಕಬೇಕಾಕ್ಕೈತಿ. ಮುಂದ ಬಾಡಿಗಿಗೆ ಯಾರೂ ಬರಂಗಿಲ್ಲ. ಅವರನ್ನ ನಿಮ್ಮ ಊರಿಗೆ ಒಯ್ರಿ."

"ನಮ್ಮ ಊರು ಇದ ಅಲ್ಲೇನ್ರಿ?"

"ಸ್ವಂತ ಊರ್ರಿ, ಟೀಚರ."

ಅವರು ಗದರಲಿಲ್ಲ. ಅವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿಯೇ ಹೋದರು. ಎದುರಾಡಿದರೆ ಹೆಣ ಇಟ್ಟುಕೊಂಡು ಬೀದಿಯಲ್ಲಿ ನಿಲ್ಲಬೇಕಾದೀತೆಂದು ಹೆದರಿ ನಾನು ಹೂಂ ಅಂದೆ.

ಇಲ್ಲಿ ತಮಗೊಂದು ಮಾತು ತಿಳಿಸಬೇಕು. ಇದೇ ಮಾಲೀಕರ ತಂದೆ ತೀರಿಕೊಂಡಾಗ ಮಹಡಿಯ ಮೆಟ್ಟಿಲು ಇಕ್ಕಟ್ಟೆಂದು ಹೆಣವನ್ನು ಕೂಡ್ರಿಸಿದ್ದು ನಮ್ಮ ಪಡಸಾಲೆಯಲ್ಲಿ. ಟಿಕೋಟಾದಿಂದ ಬಂದ ಬೀಗರಿಗೆಲ್ಲ ಚಹಾ ಹೋಗಿದ್ದು ನಮ್ಮ ಒಲೆಯಿಂದ. ಅವ್ವ ಸ್ವಂತ ಅಣ್ಣ ಹೋದವರಂತೆ ಅತ್ತಿದ್ದಳು. "ನೀವೇನ ಹೊರಗಿನವರಲ್ರಿ" ಎಂದು ಮಾಲೀಕರು ಕೈ ಮುಗಿದಿದ್ದರು. ಆ ಸಾವಿಗೂ ನಕ್ಷತ್ರ ಸರಿ ಇರಲಿಲ್ಲ, ಆದರೆ ಶಾಂತಿ ಮಾಡಿಸಿದರೆ ಸಾಕೆಂದು ಸ್ವಾಮಿಗಳು ಹೇಳಿದರು. ಯಾರೂ ಬೀಗ ಹಾಕಲಿಲ್ಲ. ಹಾಗಾದರೆ ಆಕಾಶದಲ್ಲಿರುವ ನಕ್ಷತ್ರಕ್ಕೆ ಮನೆಯ ಖಾತೆ ಯಾರ ಹೆಸರಿನಲ್ಲಿದೆ ಎಂಬುದು ತಿಳಿಯುತ್ತದೆಯೇ? ತಮ್ಮ ಇಲಾಖೆಗಿಂತ ಚುರುಕಾಗಿದೆ, ಬಿಡಿ.

ಅವ್ವನ ತವರು ಜೈನಾಪುರದಲ್ಲಿ ಅವಳ ಅಣ್ಣನ ಮಗ ಈರಯ್ಯ ಇದ್ದಾನೆ. ಫೋನ್ ಮಾಡಿದೆ. "ಕೇಳೂದೇನೈತಿ ಅಕ್ಕಾ, ಕರಕೊಂಡ ಬಾ" ಎಂದ. ಅಂಬುಲೆನ್ಸು ಇಬ್ರಾಹಿಂಪುರದ ಮೇಲೆಯೇ ಹೋಯಿತು. ರೈಲು ಹಳಿ ದಾಟುವಾಗ ಗಾಡಿ ಕುಲುಕಿತು. ಕಣ್ಣು ಮುಚ್ಚಿದ್ದ ಅವ್ವನಿಗೆ ಆ ಕುಲುಕು ಗೊತ್ತಾಯಿತು.

"ಬಂತ ನೋಡ ಮನಿ. ಗಾಡಿ ನಿಂದ್ರಸಂತ ಹೇಳ್ ಅವಗ."

"ಹೂಂ ಬೇ, ಬಂತು" ಅಂದೆ.

ಗಾಡಿ ನಿಲ್ಲಲಿಲ್ಲ. ಅವ್ವ ಒಂದು ಸಲ ಕಣ್ಣು ತೆರೆದು ನನ್ನನ್ನು ನೋಡಿದಳು. ಬಬಲೇಶ್ವರ ಮುಟ್ಟುವ ಮೊದಲೇ ಹೋಗಿಬಿಟ್ಟಳು. ಈರಯ್ಯ ಅಂಗಳ ಸಾರಿಸಿ ಕಾಯುತ್ತಿದ್ದ. ಅವ್ವ ಆ ಅಂಗಳ ಬಿಟ್ಟು ನನ್ನ ವಯಸ್ಸಿಗಿಂತ ಹೆಚ್ಚು ವರ್ಷವಾಗಿತ್ತು. ಮಣ್ಣು ಮಾಡಿ ಬಂದೆ. ಅಳು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಮಾಲೀಕರು ಬಾಳೆಹಣ್ಣು ತಂದು ಕುಳಿತು ಸಮಾಧಾನ ಹೇಳಿದರು. ನಾನು ಚಹಾ ಮಾಡಿ ಕೊಟ್ಟೆ.

ಆ ಪಡಸಾಲೆಯಲ್ಲಿ ಕೂರಲಾಗದೆ ಈಗ ಬೇರೆ ಮನೆ ಹುಡುಕುತ್ತಿದ್ದೇನೆ. ಮೊದಲೆಲ್ಲ ಜಾತಿ ಕೇಳುತ್ತಿದ್ದರು, ಊಟ ಕೇಳುತ್ತಿದ್ದರು. ಮೊನ್ನೆ ಮನೆಯೊಡತಿಯೊಬ್ಬರು ಅವೆರಡೂ ಮುಗಿದ ಮೇಲೆ, "ಮನ್ಯಾಗ ವಯಸ್ಸಾದವರು ಅದಾರೇನ್ರಿ?" ಎಂದರು. ಇಲ್ಲ ಅಂದೆ. "ಹಂಗಾರ ಛಲೋ ಆತು" ಎಂದು ಕೀಲಿ ತೆಗೆದು ತೋರಿಸಿದರು. ಅವ್ವ ಸತ್ತಿದ್ದರಿಂದ ನನ್ನ ಯೋಗ್ಯತೆ ಹೆಚ್ಚಿದೆ. ನಾಲ್ಕು ಮನೆಯವರು ಹೂಂ ಅಂದಿದ್ದಾರೆ.

ಮಾನ್ಯರೇ, ಸಾಯಲು ಕಾನೂನು ಬೇಡ, ಅದು ತಾನಾಗಿಯೇ ನಡೆಯುತ್ತದೆ. ಬಾಡಿಗೆ ಕೊಡುತ್ತಿರುವವರು ಕೊನೆಗಾಲಕ್ಕೆ ಮನೆಗೆ ಬಂದರೆ ಮಾಲೀಕರು ಬಾಗಿಲು ತಡೆಯುವಂತಿಲ್ಲ ಎಂಬ ಒಂದು ಸಾಲನ್ನು ಬಾಡಿಗೆ ಕರಾರಿನಲ್ಲಿ ಕಡ್ಡಾಯ ಮಾಡಿಸಿ. ಅದು ಆಗದ ಮಾತಾದರೆ ಪ್ರತಿ ಬಡಾವಣೆಯಲ್ಲಿ ಒಂದು ಕೋಣೆಯನ್ನಾದರೂ ಕಟ್ಟಿಸಿ. ಬಾಡಿಗೆದಾರರು ಅಲ್ಲಿಗೆ ಬಂದು ಸಾಯುತ್ತೇವೆ. ಹಾಸಿಗೆ ನಾವೇ ತರುತ್ತೇವೆ.

ಇಂತಿ,
ಸದ್ಯಕ್ಕೆ ಗಟ್ಟಿಮುಟ್ಟಾಗಿರುವ ಕಾರಣ ಯಾರ ಮನೆಗೂ ತೊಂದರೆಯಿಲ್ಲದ ಬಾಡಿಗೆದಾರಳು,
ನಂದಾ
ಇಬ್ರಾಹಿಂಪುರ, ವಿಜಯಪುರ