ಶನಿಯನ್ನು ತೋರಿಸಿದ ಅಪರಾಧಿಯ ಅರಿಕೆ

ಸಿಂಧನೂರು ಹವ್ಯಾಸಿ ಖಗೋಳ ಸಂಘದ ಘನ ಅಧ್ಯಕ್ಷರಾದ ಬಸವಂತರಾಯರ ಸನ್ನಿಧಾನಕ್ಕೆ,

ನನ್ನನ್ನು ಸಂಘದಿಂದ ಕಿತ್ತುಹಾಕಿದ ತಮ್ಮ ಆದೇಶ ತಲುಪಿತು. ಗೌರವದಿಂದ ಎದ್ದು ನಿಂತೇ ಓದಿದೆ.

ಟೆಲಿಸ್ಕೋಪು ತಮ್ಮ ಅಕ್ಕಿ ಮಿಲ್ಲಿನ ಮಾಳಿಗೆಯ ಮೇಲೆಯೇ ಇರಬೇಕು, ಶನಿಯ ದೃಷ್ಟಿ ಮಿಲ್ಲಿಗೆ ತಾಗುವುದರಿಂದ ಅದರಲ್ಲಿ ಯಾರಿಗೂ ಶನಿಯನ್ನು ತೋರಿಸಬಾರದು ಎಂಬ ತಮ್ಮ ಷರತ್ತನ್ನು ನಾನು ಮುರಿದದ್ದು ನಿಜ. ತೋರಿಸಿದ್ದು ತಮ್ಮ ತಾಯಿಯವರಿಗೇ ಎಂಬುದೂ ನಿಜ.

ಬಸವಣ್ಣೆಮ್ಮನವರು ಒಂದು ಕಣ್ಣು ಮುಚ್ಚಿ ನೋಡಿ, "ಅಯ್ಯ, ಇವಗ್ಯಾಕ ಅಂಜತಾನಲೇ ನನ್ನ ಮಗ? ಚಂದಾಗಿ ಬಳಿ ಹಾಕ್ಕೊಂಡು ಕುಂತಾನ!" ಎಂದರು. ಅಷ್ಟರಲ್ಲಿ ಮಿಲ್ಲಿನ ಹೊಟ್ಟಿನ ಧೂಳೆದ್ದು ಎಲ್ಲವೂ ಮುಚ್ಚಿಹೋಯಿತು. ಟೆಲಿಸ್ಕೋಪಿಗೆ ಧೂಳೂ ದೀಪವೂ ಇಲ್ಲದ ಮಸ್ಕಿ ಗುಡ್ಡವೇ ಆಗಲಿ ಎಂದು ಸದಸ್ಯರು ಆರು ತಿಂಗಳಿಂದ ಬೇಡಿದ್ದೆವು. "ಗುಡ್ಡದಾಗ ನನ್ನ ಮಿಲ್ಲಿನ ಬೋರ್ಡ್ ಯಾವ ಓದತಾನಲೇ?" ಎಂದವರು ತಾವು.

ಈಗ ಸಣ್ಣದೊಂದು ತೊಡಕು. ಮಾತೃಭಕ್ತಿ ಊರಿಗೆ ಕಾಣಲೆಂದು ಸಂಘಕ್ಕೆ ಕೊಟ್ಟ ಟೆಲಿಸ್ಕೋಪಿನ ದಾನಪತ್ರವನ್ನು ತಾವೇ ತಾಯಿಯವರ ಹೆಸರಿನಲ್ಲಿ ಬರೆಸಿದ್ದೀರಿ. ಅದನ್ನಿಡುವ ಜಾಗವನ್ನು ದಾನಿಯೇ ನಿರ್ಧರಿಸತಕ್ಕದ್ದು ಎಂಬ ಸಾಲನ್ನು ಹಟ ಮಾಡಿ ಸೇರಿಸಿದವರೂ ತಾವೇ. ದಾನಿಯವರು ನಿನ್ನೆ ಮಸ್ಕಿ ಗುಡ್ಡ ಎಂದು ಬರೆದು ಸಹಿ ಹಾಕಿದ್ದಾರೆ. ಪ್ರತಿ ಲಗತ್ತಿಸಿದೆ.

ಆದ್ದರಿಂದ ಭಾನುವಾರ ಮಧ್ಯಾಹ್ನ ತಮ್ಮ ಕಾರನ್ನು ಕಳಿಸಿಕೊಡಬೇಕು. ಮುಂದೆ ತಾಯಿಯವರು ಕೂರುತ್ತಾರೆ, ಹಿಂದೆ ಟೆಲಿಸ್ಕೋಪು ಮತ್ತು ನಾನು. ತಾವೂ ಬರುವುದಾದರೆ ಮಸ್ಕಿಗೆ ಬಸ್ಸಿಗೇನೂ ಕೊರತೆಯಿಲ್ಲ.

ತಮ್ಮಿಂದ ಉಚ್ಚಾಟಿತನಾದ,
ಸಿದ್ದಲಿಂಗೇಶ