ನಿಮ್ಮ ಹೆಸರಿಗೆ ಓ ಅಂದವನು

ಸೊಲ್ಲಾಪುರ, ೧೯೫೮

ಇಬ್ರಾಹಿಂ ಕಾಕಾ,

ಇವತ್ತು ಗಿರಣಿಯಲ್ಲಿ ನಿಮ್ಮ ಜಾಗಕ್ಕೆ ನನ್ನನ್ನು ಕಾಯಂ ಮಾಡಿದರು. ಗುಮಾಸ್ತ ಹೆಸರು ಕೇಳಿದಾಗ ಬಾಯಿಗೆ ಬಂದದ್ದು ನಿಮ್ಮದೇ: ತಾಂಬಾದ ಇಬ್ರಾಹಿಂಸಾಬ.

“ಅವರು ತೀರಿಹೋದ್ರಲ್ಲೋ, ನಿನ್ನ ಹೆಸರು ಹೇಳು!” ಎಂದು ಆತ ನಕ್ಕ. ಬಸಂತರಾಯ ಎನ್ನಲು ತಡವರಿಸಿದೆ.

ಎರಡು ವರ್ಷದ ಹಿಂದೆ ಕೆಮ್ಮು ಹೆಚ್ಚಾಗಿ ನೀವು ನಿಮ್ಮೂರು ತಾಂಬಾಕ್ಕೆ ಹೊರಟಾಗ, ನಿಮ್ಮ ಹಿತ್ತಾಳೆಯ ಹಾಜರಿ ಬಿಲ್ಲೆಯನ್ನು ನನ್ನ ಕೈಗಿಟ್ಟು ಅಂದಿರಿ: “ನಾ ಬರೂತನಕ ನೀ ನನ್ನ ಬದಲಿ. ನನ್ನ ಹೆಸರು ಕೂಗಿದ್ರ ನೀ ಓ ಅನ್ನು. ನಿಮ್ಮ ಮನ್ಯಾಗ ಒಲಿ ಹತ್ತತೈತಿ.”

ಹತ್ತಿತು ಕಾಕಾ. ತಂಗಿ ಚನ್ನವ್ವನ ಮದುವೆಯೂ ನಿಮ್ಮ ಹೆಸರಿನ ದುಡಿಮೆಯಲ್ಲೇ ಆಯಿತು.

ತಾಂಬಾದಲ್ಲಿ ನಿಮ್ಮನ್ನು ಮಣ್ಣಿಗಿಟ್ಟ ದಿನ ನನಗೆ ಬೆಳಿಗ್ಗೆಯೇ ಸುದ್ದಿ ಮುಟ್ಟಿತ್ತು. ಗೇಟಿನಲ್ಲಿ ಎಂದಿನಂತೆ ನಿಮ್ಮ ಹೆಸರು ಕೂಗಿದರು.

ನಾನು ಓ ಅಂದೆ.

ನಿಮ್ಮ ಬದಲಿ,
ಬಸಂತರಾಯ